ಕಲಬುರಗಿ–ಕಮಲಾಪುರಗಳ ಸೂಫಿ ಹಸ್ತಪ್ರತಿಗಳು

೧

ಕರ್ಣಾಟಕದ ಇತಿಹಾಸವನ್ನು ಬರೆಯಹೊರಟವರು ಇದುವರೆಗೆ ಮುಖ್ಯವಾಗಿ ಎರಡು ಬಗೆಯ ಸಾಧನಗಳನ್ನು ಆಶ್ರಯಿಸಿದ್ದಾರೆ. ಒಂದು, ಕಲ್ಲಿನ ಮೇಲೂ ತಾಮ್ರದ ಮೇಲೂ ಕೆತ್ತಿದ ಶಾಸನಗಳು. ಇನ್ನೊಂದು, ಮಠಗಳಲ್ಲಿಯೂ ಬಸದಿಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಉಳಿದುಬಂದ ಓಲೆಯ ಗ್ರಂಥಗಳು. ಇವೆರಡರ ಜತೆಗೆ ಎಣಿಸತಕ್ಕ ಮೂರನೆಯದೊಂದು ಸಾಧನವು ಕಲಬುರಗಿಯ ಸೀಮೆಯಲ್ಲಿ ವಿಶೇಷವಾಗಿ ಉಂಟು. ದರ್ಗಾಗಳಲ್ಲಿಯೂ ಖಾನಖಾಗಳಲ್ಲಿಯೂ ಸೂಫಿ ಮನೆತನಗಳ ಪೆಟ್ಟಿಗೆಗಳಲ್ಲಿಯೂ ಇರುವ ಅರಬ್ಬಿ, ಪಾರಸಿ ಮತ್ತು ದಖನಿ ಭಾಷೆಗಳ ಕಾಗದದ ಹಸ್ತಪ್ರತಿಗಳೇ ಅದು. ಇವುಗಳನ್ನು ಓದಬಲ್ಲವರು ಕನ್ನಡ ವಿದ್ವಾಂಸರಲ್ಲಿ ವಿರಳ. ಪಾರಸಿಯನ್ನು ಬಲ್ಲ ವಿದ್ವಾಂಸರಿಗೆ ಕನ್ನಡ ನಾಡಿನ ಊರು ಕೇರಿಗಳ ಪರಿಚಯವು ಅಷ್ಟಾಗಿ ಇರುವುದಿಲ್ಲ. ಹೀಗಾಗಿ ಈ ಸಾಧನವು ಎರಡು ಕಡೆಯವರ ದೃಷ್ಟಿಯಿಂದಲೂ ಬಹುಕಾಲ ತಪ್ಪಿಹೋಯಿತು.

ಈಗ ಇಂತಹ ಪ್ರತಿಗಳ ಛಾಯಾಚಿತ್ರಗಳನ್ನು ತೆಗೆದು ಡಿಜಿಟಲ್ ರೂಪದಲ್ಲಿ ಉಳಿಸುವ ಪ್ರಯತ್ನಗಳು ಭರತಖಂಡದಲ್ಲಿಯೂ ಹೊರದೇಶಗಳಲ್ಲಿಯೂ ನಡೆಯುತ್ತಿವೆ. ಈ ಪ್ರಯತ್ನವು ಸ್ತುತ್ಯವಾದುದು. ಆದರೆ ಹಸ್ತಪ್ರತಿಯೊಂದರಲ್ಲಿ ಉಳಿಸತಕ್ಕದ್ದು ಯಾವುದು ಎಂಬ ಪ್ರಶ್ನೆಯು ಮೊದಲು ಇತ್ಯರ್ಥವಾಗಬೇಕು. ಬರೆಹ ಮಾತ್ರವೆ? ಬರೆದ ಹಾಳೆಯೆ? ಅಥವಾ ಆ ಪ್ರತಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತವೂ ಸೇರಿದೆಯೆ? ಕಲಬುರಗಿಯ ಸೂಫಿ ಸಾಹಿತ್ಯದ ಇತಿಹಾಸವೇ ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ.

೨

ಕಲಬುರಗಿಯು ಬಹಮನೀ ಸುಲ್ತಾನರ ಮೊದಲಿನ ರಾಜಧಾನಿಯೆಂಬುದು ಸುವಿದಿತವಾಗಿದೆ. ೧೩೪೭ರಲ್ಲಿ ದಿಲ್ಲಿಯ ತುಘಲಖರ ಅಧಿಕಾರವನ್ನು ಕಳೆದೊಗೆದು ಸ್ವತಂತ್ರನಾದ ಅಲಾಉದ್ದೀನ್ ಹಸನ್ ಬಹಮನ್ ಷಹನು ಈ ನಗರಕ್ಕೆ ಅಹಸನಾಬಾದ್ ಎಂಬ ಹೆಸರನ್ನಿಟ್ಟು ಇಲ್ಲಿಂದ ಆಳಿದನು. ಕೋಟೆಯೊಳಗಿನ ಜಾಮಿ ಮಸೀದಿಯು ೧೩೬೭ರಲ್ಲಿ ಆದುದು. ಅರಸರ ಹಿಂದೆಯೇ ಸಂತರೂ ಬಂದರು. ಮೊದಲಿನ ಸುಲ್ತಾನರ ಗೌರವಕ್ಕೆ ಪಾತ್ರರಾಗಿದ್ದ ಶೇಖ್ ಸಿರಾಜುದ್ದೀನ್ ಜುನೈದಿಯವರು ಹಿಜರಿ ೭೮೧ರಲ್ಲಿ, ಎಂದರೆ ೧೩೭೯–೮೦ರಲ್ಲಿ, ಇದೇ ನಗರದಲ್ಲಿ ದೇಹವಿಟ್ಟರು. ಅವರ ಸಮಾಧಿಸ್ಥಾನದ ಎರಡು ಎತ್ತರದ ಮಿನಾರುಗಳುಳ್ಳ ಹೆಬ್ಬಾಗಿಲು ಈಗಲೂ ದೂರದಿಂದಲೇ ಕಾಣುತ್ತದೆ.

ಆದರೆ ಕಲಬುರಗಿಗೆ ಗ್ರಂಥಗಳ ಊರೆಂಬ ಕೀರ್ತಿಯನ್ನು ತಂದವರು ಸಯ್ಯದ್ ಮುಹಮ್ಮದ್ ಹುಸೇನಿಯವರು. ಜನರ ಬಾಯಲ್ಲಿ ಇವರು ಖ್ವಾಜಾ ಬಂದೇನವಾಜರು. ನೀಳವಾದ ಕೇಶವುಳ್ಳವರಾದ್ದರಿಂದ ಗೇಸೂದರಾಜರೆಂದೂ ಹೆಸರಾದರು. ೧೩೨೧ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ತಂದೆಯೊಡನೆ ದೌಲತಾಬಾದಿಗೆ ಬಂದರು. ತಂದೆಯ ಸಮಾಧಿಯು ಸಮೀಪದ ಖುಲ್ದಾಬಾದಿನಲ್ಲಿದೆ. ಅನಂತರ ದಿಲ್ಲಿಗೆ ಹಿಂದಿರುಗಿ, ಚಿಶ್ತಿ ಪರಂಪರೆಯ ಶೇಖ್ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾಗಿ, ಗುರುಗಳು ೧೩೫೬ರಲ್ಲಿ ತೀರಿಕೊಂಡ ಮೇಲೆ ನಾಲ್ವತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ಉಪದೇಶಮಾಡುತ್ತಿದ್ದರು. ೧೩೯೮ರಲ್ಲಿ ತೈಮೂರನ ದಂಡು ದಿಲ್ಲಿಯ ಮೇಲೆ ಬಂದಾಗ ಪರಿವಾರಸಮೇತರಾಗಿ ನಗರವನ್ನು ಬಿಟ್ಟು, ಗ್ವಾಲಿಯರು, ಗುಜರಾತು, ದೌಲತಾಬಾದುಗಳ ಮಾರ್ಗವಾಗಿ ೧೪೦೦ರ ಸುಮಾರಿನಲ್ಲಿ ಕಲಬುರಗಿಯನ್ನು ಸೇರಿದರು. ಆಗ ಫಿರೋಜ್ ಷಹನು ಸುಲ್ತಾನನಾಗಿದ್ದನು. ಬಂದವರಿಗೆ ಎಂಬತ್ತರ ಹತ್ತಿರದ ವಯಸ್ಸು. ಅಲ್ಲಿಂದ ಮುಂದೆ ೧೪೨೨ರಲ್ಲಿ ದೇಹವಿಡುವವರೆಗೆ ಅವರು ಕಲಬುರಗಿಯನ್ನೇ ನೆಲೆಮಾಡಿಕೊಂಡಿದ್ದರು.

ಈ ಪ್ರಯಾಣದ ವೃತ್ತಾಂತವು ಹಸ್ತಪ್ರತಿಗಳ ಇತಿಹಾಸಕ್ಕೆ ನೇರವಾಗಿ ಸಂಬಂಧಪಟ್ಟುದು. ಗುರುಗಳು ದಿನದಿನವೂ ಆಡಿದ ಮಾತುಗಳನ್ನು ಅವರ ಹಿರಿಯ ಮಗ ಸಯ್ಯದ್ ಮುಹಮ್ಮದ್ ಅಕ್ಬರ್ ಹುಸೇನಿಯವರು ಹಿಜರಿ ೮೦೨–೮೦೩ರಲ್ಲಿ ಬರೆದಿಟ್ಟುಕೊಂಡರು; ಅದೇ ‘ಜವಾಮಿ ಉಲ್ ಕಲಿಮ್’ ಎಂಬ ಗ್ರಂಥ. ಸೂಫಿಗಳಲ್ಲಿ ಇಂತಹ ಸಂಭಾಷಣಸಂಗ್ರಹಗಳಿಗೆ ಮಲ್ಫೂಜಾತ್ ಎಂದು ಹೆಸರು. ಆ ಕಾಲದ ಸುಲ್ತಾನರ ಚರಿತ್ರೆಗಳಲ್ಲಿ ಯುದ್ಧಗಳೂ ಸಿಂಹಾಸನದ ಕಲಹಗಳೂ ತುಂಬಿದ್ದರೆ, ಮಲ್ಫೂಜಾತುಗಳಲ್ಲಿ ನೇಕಾರರು, ವರ್ತಕರು, ಗಾಯಕರು, ರೋಗಿಗಳು, ಸಾಲಗಾರರು ಬಂದು ಹೋಗುತ್ತಾರೆ. ತಾವು ಸಂಸ್ಕೃತ ಗ್ರಂಥಗಳನ್ನು ಓದಿದ್ದುದನ್ನೂ ಬ್ರಾಹ್ಮಣರೊಡನೆ ವಾದಮಾಡಿದ್ದುದನ್ನೂ ಗೇಸೂದರಾಜರು ಹೇಳಿದ್ದು ಇದೇ ಗ್ರಂಥದಲ್ಲಿ. ಪಾರಸಿಯ ಹಾಡುಗಳಿಗೂ ಹಿಂದವಿಯ ಹಾಡುಗಳಿಗೂ ಇರುವ ಭೇದವನ್ನು ಕುರಿತು ಅವರು ಆಡಿದ ಮಾತುಗಳೂ ಇಲ್ಲಿಯೇ ಇವೆ. ದೇಶಭಾಷೆಗಳ ಸಾಹಿತ್ಯವನ್ನು ಬೋಧಿಸುವವರಿಗೆ ಇವು ಉಪೇಕ್ಷಿಸತಕ್ಕ ವಿಷಯಗಳಲ್ಲ.

ಗೇಸೂದರಾಜರು ಸ್ವತಃ ರಚಿಸಿದ ಗ್ರಂಥಗಳು ಬಹಳ. ‘ಅಸ್ಮಾರ್ ಉಲ್ ಅಸ್ರಾರ್’, ಶಿಷ್ಯರ ಆಚಾರವನ್ನು ಹೇಳುವ ‘ಖಾತಿಮಾ’, ಐನುಲ್ ಖುಜಾತರ ‘ತಮ್ಹೀದಾತ್’ ಗ್ರಂಥಕ್ಕೆ ಬರೆದ ವ್ಯಾಖ್ಯಾನ, ಪತ್ರಗಳ ಸಂಗ್ರಹವಾದ ‘ಮಕ್ತೂಬಾತ್’ ಮೊದಲಾದುವು ಪ್ರಸಿದ್ಧವಾಗಿವೆ. ಇವುಗಳಲ್ಲಿ ಅನೇಕವನ್ನು ಅವರು ಶಿಷ್ಯರಿಗೆ ಹೇಳಿ ಬರೆಯಿಸಿದರೆಂದು ತಿಳಿದುಬರುತ್ತದೆ. ಅವರ ಚರಿತ್ರೆಯಾದ ‘ಸಿಯರ್ ಎ ಮುಹಮ್ಮದಿ’ಯನ್ನು ಶಿಷ್ಯರಾದ ಮುಹಮ್ಮದ್ ಅಲಿ ಸಾಮಾನಿಯವರು ಹಿಜರಿ ೮೩೧ರಲ್ಲಿ, ಗುರುಗಳು ತೀರಿಕೊಂಡ ಕೆಲವೇ ವರ್ಷಗಳಲ್ಲಿ, ಬರೆದು ಮುಗಿಸಿದರು. ಹೀಗೆ ಗುರುವಿನ ಬಾಯಿ, ಶಿಷ್ಯನ ಕಿವಿ, ಲಿಪಿಕಾರನ ಕೈ ಇವು ಮೂರೂ ಕೂಡಿದ ಸ್ಥಳದಲ್ಲಿ ಗ್ರಂಥವು ಹುಟ್ಟಿತು. ಇಂತಹ ಗ್ರಂಥಕ್ಕೆ ಕರ್ತೃವಿನ ಸ್ವಹಸ್ತದ ಮೂಲವನ್ನು ಹುಡುಕುವುದು ವ್ಯರ್ಥವೇ ಸರಿ. ಪ್ರತಿಯಿಂದ ಪ್ರತಿಗೆ ಬಂದ ಸರಣಿಯೇ ಅದರ ಪ್ರಾಮಾಣ್ಯ.

೩

ಅರಸರ ಪುಸ್ತಕಭಂಡಾರಗಳಿಗೂ ಸಂತರ ಮನೆಗಳ ಪುಸ್ತಕಗಳಿಗೂ ಒದಗಿದ ಗತಿಗಳನ್ನು ಹೋಲಿಸಿ ನೋಡುವುದು ಇಲ್ಲಿ ಯುಕ್ತವಾಗಿದೆ. ಗೇಸೂದರಾಜರ ಬಳಿಕ ಸುಲ್ತಾನ್ ಅಹಮದ್ ಷಹನು ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಅಲ್ಲಿ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ೧೪೮೧ರಲ್ಲಿ ಗವಾನನೇ ಸುಲ್ತಾನನ ಅಪ್ಪಣೆಯಿಂದ ವಧಿಸಲ್ಪಟ್ಟನು. ಬೀದರು ಔರಂಗಜೇಬನ ವಶವಾದ ಮೇಲೆ, ೧೬೯೬ರಲ್ಲಿ, ಮದರಸಾದಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಬಹುಭಾಗವು ಬಿದ್ದುಹೋಯಿತು. ಕಟ್ಟಡದ ಉಳಿದ ಭಾಗವನ್ನು ಇಂದಿಗೂ ನೋಡಬಹುದು; ಪುಸ್ತಕಗಳ ಸುಳಿವೇ ಇಲ್ಲ.

ಬಿಜಾಪುರದ ಆದಿಲಶಾಹಿಗಳ ಪುಸ್ತಕಗಳಿಗೆ ಬೇರೊಂದು ಗತಿಯಾಯಿತು. ಆಸಾರ್ ಮಹಲಿನಲ್ಲಿ ಉಳಿದಿದ್ದ ಪ್ರತಿಗಳನ್ನು ೧೮೫೩ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯಕ್ಕೆ ಸಾಗಿಸಿದರು. ಆಟೋ ಲೋಟನು ೧೮೭೭ರಲ್ಲಿ ಪ್ರಕಟಿಸಿದ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ಇವುಗಳ ವಿವರವು ದೊರೆಯುತ್ತದೆ. ಈಗ ಅವು ಬ್ರಿಟಿಷ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆಯೇನೋ ನಿಜ. ಆದರೆ ಬಿಜಾಪುರದ ವಿದ್ಯಾರ್ಥಿಯು ಬಿಜಾಪುರದ ಪುಸ್ತಕವನ್ನು ನೋಡಬೇಕಾದರೆ ಸಮುದ್ರವನ್ನು ದಾಟಬೇಕಾಯಿತು.

ಒಂದು ಭಂಡಾರವು ನಾಶವಾಯಿತು. ಇನ್ನೊಂದು ಸ್ಥಳಾಂತರವನ್ನು ಹೊಂದಿತು. ಅರಸನ ಪುಸ್ತಕಗಳು ಅರಸುತನವನ್ನೇ ನೆಚ್ಚಿಕೊಂಡಿದ್ದುದರಿಂದ ಅದು ಕುಸಿದಾಗ ಅವೂ ದಿಕ್ಕೆಟ್ಟುವು. ಸೂಫಿ ಮನೆತನಗಳಲ್ಲಿಯಾದರೋ ಪುಸ್ತಕವು ಸಂಪತ್ತೆಂದು ಎಣಿಸಲ್ಪಡದೆ ಪರಂಪರೆಯ ಸಾಕ್ಷಿಯೆಂದು ಎಣಿಸಲ್ಪಟ್ಟಿತು. ಗುರುವು ಶಿಷ್ಯನಿಗೆ ಕೊಟ್ಟ ಖಿಲಾಫತ್‌ನಾಮೆ, ಪ್ರವಾದಿಯವರಿಂದ ತನ್ನ ಗುರುವಿನವರೆಗಿನ ಹೆಸರುಗಳನ್ನು ಸಾಲಾಗಿ ಬರೆದ ಶಜರಾ, ಹಿರಿಯರು ಓದುತ್ತಿದ್ದ ಪ್ರಾರ್ಥನೆಗಳ ಪುಸ್ತಕ, ಇವು ಜಪಸರ ಮತ್ತು ಜುಬ್ಬಗಳ ಜತೆಯಲ್ಲಿಯೇ ಮಗನಿಗೂ ಮೊಮ್ಮಗನಿಗೂ ಸಂದುವು. ರಾಜವಂಶಗಳು ನಾಲ್ಕಾರು ಬಾರಿ ಬದಲಾದರೂ ಕಲಬುರಗಿಯ ಹಿರಿಯ ರೌಜಾ ಮತ್ತು ಕಿರಿಯ ರೌಜಾಗಳಲ್ಲಿ ಸಜ್ಜಾದೆಯ ಪೀಠವು ತೆರವಾಗಲಿಲ್ಲ. ಈ ಅವಿಚ್ಛಿನ್ನತೆಯೇ ಪುಸ್ತಕಗಳಿಗೆ ಕಾವಲಾಯಿತು.

೪

ದೊಡ್ಡ ದರ್ಗಾಗಳಿಗೆ ಹೆಸರಿದೆ, ಗ್ರಂಥಾಲಯವಿದೆ, ವಿದ್ವಾಂಸರ ಬರವಿದೆ. ಅವುಗಳ ಗ್ರಂಥಗಳಲ್ಲಿ ಹಲವು ಅಚ್ಚೂ ಆಗಿವೆ. ಸಯ್ಯದ್ ಅತಾ ಹುಸೇನರು ೧೯೩೧ರಲ್ಲಿ ‘ಅಸ್ಮಾರ್ ಉಲ್ ಅಸ್ರಾರ್’ ಗ್ರಂಥವನ್ನೂ ಅನಂತರ ಗೇಸೂದರಾಜರ ಇತರ ಕೃತಿಗಳನ್ನೂ ಶೋಧಿಸಿ ಹೈದರಾಬಾದಿನಲ್ಲಿ ಮುದ್ರಿಸಿದರು. ಹಿರಿಯ ರೌಜಾದ ಸಜ್ಜಾದೆ ನಶೀನರಾಗಿದ್ದು ೨೦೨೪ರಲ್ಲಿ ನಿಧನರಾದ ಸಯ್ಯದ್ ಷಾ ಖುಸ್ರೋ ಹುಸೇನಿಯವರು ತಮ್ಮ ಪೂರ್ವಜರ ತತ್ತ್ವವಿಚಾರವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು ೧೯೮೩ರಲ್ಲಿ ಪ್ರಕಟವಾಗಿ ವಿದ್ವಾಂಸರ ಮನ್ನಣೆಯನ್ನು ಪಡೆದಿದೆ. ರಿಚರ್ಡ್ ಈಟನ್ನರು ಬಿಜಾಪುರದ ಸೂಫಿಗಳನ್ನು ಕುರಿತು ೧೯೭೮ರಲ್ಲಿಯೂ, ಮುಹಮ್ಮದ್ ಸುಲೇಮಾನ್ ಸಿದ್ದೀಖಿಯವರು ಬಹಮನೀ ಕಾಲದ ಸೂಫಿಗಳನ್ನು ಕುರಿತು ೧೯೮೯ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇಂತಹ ಹಸ್ತಪ್ರತಿಗಳ ಆಧಾರದಿಂದಲೇ ಸಾಧ್ಯವಾದುವು. ಕನ್ನಡದಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಈ ಕ್ಷೇತ್ರಕ್ಕೆ ದಾರಿಯನ್ನು ತೆರೆಯಿತು.

ಆದರೆ ಪರಂಪರೆಯು ದೊಡ್ಡ ದರ್ಗಾಗಳಲ್ಲಿಯೇ ಮುಗಿಯುವುದಿಲ್ಲ. ಖಲೀಫರಾಗಿ ಅಪ್ಪಣೆ ಪಡೆದವರು ಸುತ್ತಣ ಊರುಗಳಲ್ಲಿ ನೆಲೆಸಿ, ಅಲ್ಲಿ ಪೀರರಾಗಿಯೂ ಖಾಜಿಗಳಾಗಿಯೂ ಮಕ್ಕಳಿಗೆ ಓದು ಕಲಿಸುವ ಮುಲ್ಲಾಗಳಾಗಿಯೂ ಬಾಳಿದರು. ಕಲಬುರಗಿಯಿಂದ ಈಶಾನ್ಯಕ್ಕೆ, ಹುಮನಾಬಾದಿನ ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು ಹೋದರೆ ಸಿಕ್ಕುವ ಕಮಲಾಪುರವು ಇಂತಹ ಊರುಗಳಲ್ಲೊಂದು. ಬಹಮನಿಗಳ ಹಳೆಯ ರಾಜಧಾನಿಗೂ ಹೊಸ ರಾಜಧಾನಿಗೂ ನಡುವಣ ಸೀಮೆಯಲ್ಲಿರುವ ಈ ಊರು ಹೊರಗಿನವರಿಗೆ ಅಲ್ಲಿಯ ಕೆಂಪು ಬಾಳೆಯ ಹಣ್ಣಿನಿಂದ ಪರಿಚಿತ. ಇತ್ತೀಚೆಗೆ ಇದು ತಾಲ್ಲೂಕಿನ ಕೇಂದ್ರವೂ ಆಗಿದೆ. ಕಲಬುರಗಿ ನಗರದ ಗಲ್ಲಿಗಳಲ್ಲಿಯೂ ಕಮಲಾಪುರದಂತಹ ಊರುಗಳಲ್ಲಿಯೂ ಮನೆತನಗಳು ಕಾಪಾಡಿಕೊಂಡು ಬಂದ ಪ್ರತಿಗಳಿಗೆ ಅಚ್ಚಿನ ಸೂಚಿಗಳಲ್ಲಿ ಸ್ಥಾನವು ದೊರೆಯುವುದು ಅಪೂರ್ವ. ನಾಶದ ಭಯವು ಹೆಚ್ಚಾಗಿ ಇರುವುದು ಇಲ್ಲಿಯೇ.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಬರೆಹಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಕುರ್‌ಆನಿನ ಪ್ರತಿಗಳು, ಪ್ರಾರ್ಥನೆಗಳು, ಧರ್ಮಶಾಸ್ತ್ರದ ಗ್ರಂಥಗಳು; ಇವು ಅರಬ್ಬಿಯಲ್ಲಿದ್ದು ನಸ್ಖ್ ಲಿಪಿಯಲ್ಲಿ ಬರೆದವು. ಎರಡನೆಯದು ತಸವ್ವುಫಿನ ಗ್ರಂಥಗಳು, ಮಲ್ಫೂಜಾತುಗಳು, ಪತ್ರಗಳು. ಇವು ಹೆಚ್ಚಾಗಿ ಪಾರಸಿಯವು, ನಸ್ತಾಲೀಖ್ ಲಿಪಿಯವು. ಮೂರನೆಯದು ದಖನಿಯ ಪದ್ಯಗಳು ಮತ್ತು ಚಿಕ್ಕ ಉಪದೇಶಗ್ರಂಥಗಳು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಚಕ್ಕೀನಾಮೆಗಳೂ ಈ ವರ್ಗಕ್ಕೆ ಸೇರತಕ್ಕವು. ನಾಲ್ಕನೆಯದು ಶಜರಾಗಳು, ಸನದುಗಳು, ಫರ್ಮಾನುಗಳು, ಇನಾಮಿನ ಕಾಗದಗಳು. ಇವುಗಳನ್ನು ಓದುವುದಕ್ಕೆ ಶಿಕಸ್ತಾ ಎಂಬ ಮುರಿದ ಬರೆಹದ ಅಭ್ಯಾಸವು ಬೇಕು. ‘ಕರೀಮಾ’, ‘ಖಾಲಿಖ್ ಬಾರಿ’ ಮುಂತಾದ ಪಾಠಪುಸ್ತಕಗಳ ಪ್ರತಿಗಳು ಇವುಗಳ ನಡುವೆ ಸೇರಿಕೊಂಡಿರುವುದುಂಟು. ವಿದ್ವಾಂಸರು ಇವನ್ನು ಅಲ್ಪವೆಂದು ಬದಿಗಿಡುವರು; ಆದರೆ ಒಂದೂರಿನಲ್ಲಿ ಮಕ್ಕಳು ಏನನ್ನು ಓದುತ್ತಿದ್ದರೆಂಬುದಕ್ಕೆ ಇವಕ್ಕಿಂತ ಉತ್ತಮವಾದ ಸಾಕ್ಷಿ ಬೇರೆಲ್ಲಿದೆ?

೫

ಹಸ್ತಪ್ರತಿಯ ಪೂರ್ವೋತ್ತರಗಳನ್ನು ವಿಚಾರಿಸದೆ ಬರೆಹವನ್ನು ಮಾತ್ರ ಹಿಡಿದರೆ ಒದಗುವ ಪ್ರಮಾದಕ್ಕೆ ಕಲಬುರಗಿಯ ಹೆಸರಿನೊಡನೆ ಹೆಣೆದುಕೊಂಡ ಒಂದು ಪ್ರಸಿದ್ಧ ದೃಷ್ಟಾಂತವಿದೆ.

೧೯೨೪ರ ಹೊತ್ತಿಗೆ ಮೌಲವಿ ಅಬ್ದುಲ್ ಹಕ್ಕರು ಹೈದರಾಬಾದಿನಲ್ಲಿ ‘ಮೇರಾಜ್ ಉಲ್ ಆಶಿಖೀನ್’ ಎಂಬ ಚಿಕ್ಕದೊಂದು ದಖನಿ ಗದ್ಯಗ್ರಂಥವನ್ನು ಪ್ರಕಟಿಸಿದರು. ಪ್ರತಿಗಳಲ್ಲಿ ಅದು ಬಂದೇನವಾಜರ ಕೃತಿಯೆಂದು ಇದ್ದಿತು. ಅದನ್ನು ನಂಬಿದುದರಿಂದ ಉರ್ದು ಗದ್ಯದ ಆದಿಗ್ರಂಥವು ಹದಿನೈದನೆಯ ಶತಮಾನದ ಆರಂಭದಲ್ಲಿ ಕಲಬುರಗಿಯಲ್ಲಿ ಹುಟ್ಟಿತೆಂಬ ಸಿದ್ಧಾಂತವು ಏರ್ಪಟ್ಟಿತು. ಸಾಹಿತ್ಯಚರಿತ್ರೆಗಳಲ್ಲಿ ಅದು ಸೇರಿತು. ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪಾಠಹೇಳಿದರು. ೧೯೬೮ರಲ್ಲಿ ಹಫೀಜ್ ಖತೀಲರು ಈ ಪ್ರಶ್ನೆಯನ್ನು ಮರಳಿ ಎತ್ತಿಕೊಂಡು, ಗ್ರಂಥದ ಭಾಷೆಯೂ ಅದರ ತತ್ತ್ವಪರಿಭಾಷೆಯೂ ಬಂದೇನವಾಜರ ಕಾಲಕ್ಕೆ ಒಪ್ಪುವುದಿಲ್ಲವೆಂದೂ, ಅವು ಬಿಜಾಪುರದ ಅಮೀನುದ್ದೀನ್ ಆಲಾ ಅವರ ಪರಂಪರೆಗೆ ಸೇರಿದವೆಂದೂ, ಗ್ರಂಥಕರ್ತರು ಸುಮಾರು ಮೂರು ಶತಮಾನಗಳ ಅನಂತರದ ಮಖ್ದೂಮ್ ಷಾ ಹುಸೇನಿಯವರೆಂದೂ ಪ್ರತಿಪಾದಿಸಿದರು. ಪಂಚಭೂತಗಳನ್ನೂ ಅವುಗಳ ಇಪ್ಪತ್ತೈದು ಗುಣಗಳನ್ನೂ ಆಧಾರವಾಗಿ ಹಿಡಿದು ದೇಹತತ್ತ್ವವನ್ನು ವಿವರಿಸುವುದು ಬಿಜಾಪುರದ ಆ ಪರಂಪರೆಯ ಲಕ್ಷಣ. ಕನ್ನಡದ ತತ್ತ್ವಪದಗಳನ್ನೂ ವೀರಶೈವ ಶಾಸ್ತ್ರಗಳನ್ನೂ ಓದಿದವರಿಗೆ ಈ ಬಗೆಯ ಲೆಕ್ಕವು ಅಪರಿಚಿತವಲ್ಲ. ವಿದ್ವಾಂಸರಲ್ಲಿ ಬಹುಮಂದಿ ಖತೀಲರ ವಾದವನ್ನು ಒಪ್ಪಿದ್ದಾರೆ.

ಕನ್ನಡದ ವಿದ್ವಾಂಸರಿಗೆ ಇದು ಹೊಸ ಬಗೆಯ ಸಮಸ್ಯೆಯಲ್ಲ. ‘ಕವಿರಾಜಮಾರ್ಗ’ವು ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆಯು ಎಷ್ಟು ಕಾಲ ನಡೆಯಿತೆಂಬುದು ಎಲ್ಲರಿಗೂ ತಿಳಿದಿದೆ. ವಚನಗಳಲ್ಲಿ ಅಂಕಿತದ ಆಧಾರವಿದ್ದರೂ ಪ್ರಕ್ಷಿಪ್ತವಾವುದು, ಮೂಲವಾವುದು ಎಂಬುದನ್ನು ನಿರ್ಣಯಿಸುವುದಕ್ಕೆ ಅನೇಕ ಪ್ರತಿಗಳನ್ನು ತಾಳೆ ನೋಡಬೇಕಾಯಿತು. ‘ಮೇರಾಜ್’ ಗ್ರಂಥದ ವಿಷಯದಲ್ಲಿಯೂ ದೋಷವು ಪ್ರಕಾಶಕರ ಶ್ರದ್ಧೆಯಲ್ಲಿ ಇರಲಿಲ್ಲ. ಪ್ರತಿಯನ್ನು ಯಾರು, ಎಲ್ಲಿ, ಯಾವಾಗ, ಯಾವ ಗುರುಪರಂಪರೆಯವರಿಗಾಗಿ ಬರೆದರೆಂಬ ವಿವರಗಳನ್ನು ಒಟ್ಟುಗೂಡಿಸಿ ನೋಡುವ ಅನುಕೂಲವು ಆಗ ಇರಲಿಲ್ಲ. ಮಹಾತ್ಮರ ಹೆಸರನ್ನು ಗ್ರಂಥಕ್ಕೆ ಜೋಡಿಸುವುದು ಭಕ್ತನಾದ ಲಿಪಿಕಾರನಿಗೆ ವಂಚನೆಯೆಂದು ತೋರುತ್ತಿರಲಿಲ್ಲ. ಪರಂಪರೆಯಲ್ಲಿ ಬಂದುದೆಲ್ಲವೂ ಮೂಲಗುರುವಿನದೇ ಎಂಬುದು ಅವನ ಭಾವನೆ. ಅಂತಹ ಪ್ರತಿಯ ಮನೆಯನ್ನೂ ಪರಂಪರೆಯನ್ನೂ ಬಲ್ಲವನು ಮಾತ್ರ ಆ ಭಾವನೆಯನ್ನು ಇತಿಹಾಸದಿಂದ ಬೇರ್ಪಡಿಸಬಲ್ಲನು.

೬

ಶತಮಾನಗಳ ಕಾಲ ಉಳಿದುಬಂದ ಪ್ರತಿಗಳು ಈಗೇಕೆ ಅಪಾಯಕ್ಕೊಳಗಾದುವು ಎಂದು ಕೇಳಬಹುದು. ಹುಳುವೂ ನೀರೂ ಹಳೆಯ ಶತ್ರುಗಳು. ಹೊಸ ಕಾರಣಗಳು ಮನುಷ್ಯರ ಬಾಳಿನಲ್ಲಾದ ಬದಲಾವಣೆಗಳಿಂದ ಹುಟ್ಟಿದುವು.

ಇವುಗಳಲ್ಲಿ ಮುಖ್ಯವಾದುದು ಭಾಷೆಯ ವ್ಯತ್ಯಾಸ. ನಿಜಾಮರ ಸಂಸ್ಥಾನದಲ್ಲಿ ೧೮೮೪ರ ಹೊತ್ತಿಗೆ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತಭಾಷೆಯಾಯಿತು. ೧೯೧೮ರಲ್ಲಿ ಉರ್ದುವಿನಲ್ಲಿಯೇ ಬೋಧಿಸುವ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಪಾರಸಿಯನ್ನು ಕಲಿತರೆ ಜೀವನೋಪಾಯವಾಗುವ ಕಾಲವು ಹೀಗೆ ಮುಗಿಯಿತು. ೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿ, ೧೯೫೬ರಲ್ಲಿ ಕಲಬುರಗಿಯು ಕನ್ನಡ ರಾಜ್ಯದ ಭಾಗವಾದ ಮೇಲೆ ಮಕ್ಕಳ ಓದು ಕನ್ನಡ, ಉರ್ದು, ಇಂಗ್ಲಿಷುಗಳ ಕಡೆಗೆ ತಿರುಗಿತು. ಅಜ್ಜನು ನಿತ್ಯವೂ ಓದುತ್ತಿದ್ದ ಪುಸ್ತಕವು ಮೊಮ್ಮಗನಿಗೆ ಮುಟ್ಟಿ ನಮಸ್ಕರಿಸತಕ್ಕ ವಸ್ತುವಾಯಿತು. ಓದುಗರಿಲ್ಲದ ಪುಸ್ತಕವನ್ನು ಬಿಚ್ಚುವವರಿಲ್ಲ. ಬಿಚ್ಚದ ಪುಸ್ತಕದಲ್ಲಿ ಹುಳುವಿಗೆ ನಿರ್ಭಯ.

ಜೀವನೋಪಾಯದ ವ್ಯತ್ಯಾಸವೂ ಇದರೊಡನೆ ಸೇರಿತು. ೧೯೪೯ರಲ್ಲಿ ಜಹಗೀರುಗಳೂ ಮುಂದಿನ ಕಾಯಿದೆಗಳಿಂದ ಅನೇಕ ಇನಾಮುಗಳೂ ರದ್ದಾದುವು. ಇನಾಮಿನ ಹುಟ್ಟುವಳಿಯಿಂದ ಬಾಳುತ್ತಿದ್ದ ಮನೆತನಗಳು ಉದ್ಯೋಗವನ್ನರಸಿ ಚದುರಿದುವು. ಮನೆಗಳು ಪಾಲಾದಂತೆ ಪುಸ್ತಕಗಳೂ ಪಾಲಾದುವು. ಒಂದೇ ಗ್ರಂಥದ ಎರಡು ಭಾಗಗಳು ಇಬ್ಬರು ಅಣ್ಣತಮ್ಮಂದಿರ ಮನೆಗಳಿಗೆ ಹೋದರೆ ಮುಂದಿನ ತಲೆಮಾರಿಗೆ ಅವುಗಳ ಸಂಬಂಧವೇ ತಿಳಿಯದು. ಇನಾಮಿನ ಕಾಗದಗಳನ್ನು ಹೊರಗಿನವರಿಗೆ ತೋರಿಸಿದರೆ ಭೂಮಿಯ ವ್ಯಾಜ್ಯಗಳು ಎದ್ದಾವೆಂಬ ಅಂಜಿಕೆಯೂ ಸಹಜವಾದುದೇ.

ಪುಸ್ತಕದ ದೇಹದಲ್ಲಿರುವ ಕಾರಣಗಳೂ ಉಂಟು. ದೌಲತಾಬಾದಿನ ಸಮೀಪದ ಕಾಗಜೀಪುರ ಮುಂತಾದೆಡೆಗಳಲ್ಲಿ ಚಿಂದಿಯಿಂದಲೂ ನಾರಿನಿಂದಲೂ ಮಾಡುತ್ತಿದ್ದ ಕೈಕಾಗದವು ಬಹಳ ಗಟ್ಟಿಯಾದುದು. ಕಾಡಿಗೆ ಮತ್ತು ಗೋಂದು ಕೂಡಿಸಿದ ಮಸಿಯು ಶತಮಾನಗಳಾದರೂ ಮಾಸದು. ಆದರೆ ಹಾಳೆಯ ಅಂಚುಗೆರೆಗಳಿಗಾಗಿ ತಾಮ್ರದ ಕಿಲುಬಿನಿಂದ ಮಾಡಿದ ಹಸುರು ಬಣ್ಣವು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಚೌಕಟ್ಟಿನ ಗೆರೆಯುದ್ದಕ್ಕೂ ಹಾಳೆಯು ಕತ್ತರಿಸಿದಂತೆ ಬೇರ್ಪಟ್ಟು, ಬರೆಹವಿರುವ ನಡುಭಾಗವು ಕಳಚಿ ಬೀಳುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮೀರುವುದು. ಕೂಡಲೇ ಮಳೆಗಾಲದ ತೇವ. ಒಣಗಿ ಬಿರುಸಾದ ಕಾಗದವು ತೇವವನ್ನು ಹೀರಿ ಸಡಿಲುವುದು, ಮತ್ತೆ ಒಣಗುವುದು. ವರ್ಷವರ್ಷವೂ ಹೀಗಾಗುವುದರಿಂದ ಹೊಲಿಗೆಯೂ ತೊಗಲಿನ ರಟ್ಟೂ ಸಡಲಿಹೋಗುತ್ತವೆ. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚುವ ಸದುದ್ದೇಶದ ಉಪಚಾರವು ಹುಳುವಿಗಿಂತ ಹೆಚ್ಚಿನ ಹಾನಿಯನ್ನು ಮಾಡಿದುದುಂಟು.

ಹಿಂದಿನವರಿಗೂ ಈ ಭಯವು ಇದ್ದಿತು. ಅರಬ್ಬಿ ಪಾರಸಿ ಹಸ್ತಪ್ರತಿಗಳ ಮೊದಲ ಹಾಳೆಯಲ್ಲಿ ‘ಯಾ ಕಬೀಕಜ್’ ಎಂದು ಬರೆದಿರುವುದನ್ನು ಆಗಾಗ ಕಾಣಬಹುದು. ಕಬೀಕಜನು ಹುಳುಗಳ ಒಡೆಯನೆಂದೂ, ಅವನ ಹೆಸರನ್ನು ಕಂಡರೆ ಅವು ಪುಸ್ತಕವನ್ನು ಮುಟ್ಟವೆಂದೂ ನಂಬಿಕೆ. ಆ ಹೆಸರಿನ ಅಕ್ಷರಗಳನ್ನೇ ಹುಳುಗಳು ತಿಂದುಹಾಕಿರುವ ಪ್ರತಿಗಳೂ ಉಂಟು.

೭

ಡಿಜಿಟಲ್ ಪ್ರತಿಯನ್ನು ತಯಾರಿಸುವ ಕೆಲಸವು ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಆದರೆ ಇದರಲ್ಲಿ ಕ್ರಮವೇ ಸರ್ವಸ್ವ. ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಪುಸ್ತಕವನ್ನು ಚಪ್ಪಟೆಯಾಗಿ ಒತ್ತದೆ, ಓರೆಯಾದ ಎರಡು ಹಲಗೆಗಳ ತೊಟ್ಟಿಲಿನಲ್ಲಿ ಬೆನ್ನಿಗೆ ನೋವಾಗದಂತೆ ಇರಿಸಬೇಕು. ಪ್ರತಿಯೊಂದು ಚಿತ್ರದಲ್ಲಿಯೂ ಅಳತೆಪಟ್ಟಿಯೂ ಬಣ್ಣದ ಪಟ್ಟಿಯೂ ಇರಬೇಕು. ಬರೆಹವಿರುವ ಹಾಳೆಗಳನ್ನು ಮಾತ್ರ ತೆಗೆದರೆ ಸಾಲದು; ರಟ್ಟು, ಖಾಲಿ ಹಾಳೆಗಳು, ನಡುವೆ ಸಿಕ್ಕಿಸಿದ ಚೀಟಿಗಳು ಎಲ್ಲವೂ ಸೇರಬೇಕು. ಮಗುವಿನ ಜನ್ಮದಿನವನ್ನೋ ಬರಗಾಲದಲ್ಲಿ ಜೋಳದ ಧಾರಣೆಯನ್ನೋ ಮನೆಯ ಯಜಮಾನನು ಗುರುತುಹಾಕಿಡುವ ಸ್ಥಳವು ಈ ಖಾಲಿ ಹಾಳೆಯೇ ಆಗಿರುವುದುಂಟು. ಹಾಳೆಯ ಬುಡದಲ್ಲಿ ಮುಂದಿನ ಹಾಳೆಯ ಮೊದಲ ಪದವನ್ನು ಬರೆಯುವ ರಿ‌ಕಾಬ್ ಎಂಬ ಪದ್ಧತಿಯಿದೆ. ಅದನ್ನು ಪರೀಕ್ಷಿಸಿದರೆ ಹಾಳೆಗಳು ಕಳೆದಿವೆಯೆ, ಸ್ಥಾನಪಲ್ಲಟವಾಗಿವೆಯೆ ಎಂಬುದು ಗೊತ್ತಾಗುತ್ತದೆ. ಕೊನೆಯಲ್ಲಿ ಲಿಪಿಕಾರನ ಹೆಸರು, ಹಿಜರಿ ವರ್ಷ ಮತ್ತು ಸ್ಥಳವನ್ನು ಹೇಳುವ ಸಮಾಪ್ತಿವಾಕ್ಯ, ಮುದ್ರೆಗಳು, ಒಡೆಯರ ಹೆಸರುಗಳು ಇವೆಲ್ಲವನ್ನೂ ಸೂಚಿಯಲ್ಲಿ ಬರೆದುಕೊಳ್ಳಬೇಕು. ಅನಂತರ ಪ್ರತಿಯು ಯಾವ ಮನೆಯದು, ಅವರಿಗೆ ಹೇಗೆ ಬಂದಿತು ಎಂಬ ಮನೆಯ ಹಿರಿಯರ ಹೇಳಿಕೆಯನ್ನೂ, ಅವರು ಒಪ್ಪಿದ ಮಟ್ಟಿಗೆ, ಸೇರಿಸಬೇಕು. ಈ ಕಡೆಯ ಅಂಶವು ಕ್ಯಾಮರಾಕ್ಕೆ ದೊರೆಯುವುದಿಲ್ಲ. ಹಿರಿಯರು ತೀರಿಕೊಂಡರೆ ಯಾರಿಗೂ ದೊರೆಯುವುದಿಲ್ಲ.

ಡಿಜಿಟಲ್ ಪ್ರತಿಯ ಉಪಕಾರಗಳು ಸ್ಪಷ್ಟವಾಗಿವೆ. ಮೂಲವನ್ನು ಮತ್ತೆ ಮತ್ತೆ ಬಿಚ್ಚುವ ಕಾರಣವು ತಪ್ಪುತ್ತದೆ. ಅಣ್ಣತಮ್ಮಂದಿರಲ್ಲಿ ಪಾಲಾದ ಗ್ರಂಥದ ಭಾಗಗಳನ್ನು ಒಂದೆಡೆ ಕೂಡಿಸಿ ಓದಬಹುದು. ಕಮಲಾಪುರದ ಪ್ರತಿಯನ್ನು ಹೈದರಾಬಾದಿನ ಪ್ರತಿಯೊಡನೆಯೂ ಲಂಡನ್ನಿನ ಪ್ರತಿಯೊಡನೆಯೂ ತಾಳೆ ನೋಡಬಹುದು. ಆದರೆ ಡಿಜಿಟಲ್ ಪ್ರತಿಯು ಅಮರವೆಂದು ಎಣಿಸುವುದು ಅವಿವೇಕ. ಅಪಾಯದಲ್ಲಿರುವ ಇಂತಹ ಸಾಧನಗಳನ್ನು ಉಳಿಸುವುದಕ್ಕಾಗಿಯೇ ೨೦೦೪ರಲ್ಲಿ ಬ್ರಿಟಿಷ್ ಗ್ರಂಥಾಲಯದಲ್ಲಿ ಒಂದು ಯೋಜನೆಯು ಆರಂಭವಾಯಿತು. ಮೂಲಗಳು ಆಯಾ ದೇಶದಲ್ಲಿಯೇ ಉಳಿಯಬೇಕೆಂಬ ಅದರ ನಿಯಮವು ಮೆಚ್ಚತಕ್ಕದ್ದು. ೧೮೫೩ರ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಆದರೂ ೨೦೨೩ರ ಅಕ್ಟೋಬರಿನಲ್ಲಿ ಆ ಗ್ರಂಥಾಲಯದ ಗಣಕಯಂತ್ರಗಳ ಮೇಲೆ ದುಷ್ಕರ್ಮಿಗಳು ನಡೆಸಿದ ಆಕ್ರಮಣದಿಂದ ಅದರ ಡಿಜಿಟಲ್ ಸಂಗ್ರಹಗಳು ಅನೇಕ ತಿಂಗಳುಗಳ ಕಾಲ ಓದುಗರಿಗೆ ದೊರೆಯದೆ ಹೋದುವು. ಆಫ್ರಿಕಾದ ಟಿಂಬಕ್ಟುವಿನಲ್ಲಿಯಾದರೋ ೨೦೧೨ರ ಯುದ್ಧಕಾಲದಲ್ಲಿ ಹಸ್ತಪ್ರತಿಗಳನ್ನು ಉಳಿಸಿದವರು ಅವುಗಳ ಮನೆತನಗಳವರೂ ಗ್ರಂಥಪಾಲಕರೂ. ಪೆಟ್ಟಿಗೆಗಳಲ್ಲಿ ತುಂಬಿ, ಗುಟ್ಟಾಗಿ ಬಾಮಾಕೊ ನಗರಕ್ಕೆ ಸಾಗಿಸಿ ಕಾಪಾಡಿದರು. ಎಲ್ಲಿಯೋ ಒಂದೆಡೆ ಇಟ್ಟ ಪ್ರತಿಗಿಂತ ಹಲವೆಡೆ ಇಟ್ಟ ಪ್ರತಿಗಳೂ, ಕಾಯುವ ಮನಸ್ಸುಳ್ಳ ಜನರೂ ಹೆಚ್ಚಿನ ರಕ್ಷೆಯೆಂಬುದು ಇವುಗಳಿಂದ ಸಿದ್ಧವಾಗುತ್ತದೆ.

ಭಾರತ ಸರ್ಕಾರವು ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಸ್ಥಾಪಿಸಿತು. ಒಂದು ಕೋಟಿಗೂ ಮೇಲ್ಪಟ್ಟ ಹಸ್ತಪ್ರತಿಗಳನ್ನು ಗುರುತಿಸಿ ರಕ್ಷಿಸುವ ಜ್ಞಾನ ಭಾರತಂ ಯೋಜನೆಯನ್ನು ೨೦೨೫ರ ಆಯವ್ಯಯದಲ್ಲಿ ಘೋಷಿಸಿತು. ಇಂತಹ ಯೋಜನೆಗಳ ಫಲವು ಕಲಬುರಗಿ ಕಮಲಾಪುರಗಳ ಮನೆಗಳನ್ನು ಮುಟ್ಟಬೇಕಾದರೆ ವಿಶ್ವಾಸವೆಂಬ ಸೇತುವೆ ಬೇಕು. ಮನೆಯವರಿಗೆ ಪುಸ್ತಕವು ತಬರ್ರುಕ್, ಎಂದರೆ ಗುರುಪ್ರಸಾದ. ಸಂಶೋಧಕನಿಗೆ ಅದು ಆಧಾರ. ಎರಡು ದೃಷ್ಟಿಗಳಿಗೂ ವಿರೋಧವಿರಬೇಕಾಗಿಲ್ಲ.

೮

ಕರ್ಣಾಟಕದಲ್ಲಿಯೇ ಇದಕ್ಕೆ ಮೇಲ್ಪಂಕ್ತಿಗಳಿವೆ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವು ದೊರೆತುದೂ, ೧೯೦೯ರಲ್ಲಿ ಶಾಮಶಾಸ್ತ್ರಿಗಳು ಅದನ್ನು ಪ್ರಕಟಿಸಿದುದೂ ಲೋಕವಿದಿತ. ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಯ ಕಟ್ಟುಗಳನ್ನು ಮನೆಮನೆಯಲ್ಲಿ ವಿನಯದಿಂದ ಬೇಡಿ ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಪೂಜೆಗೆ ಕುಂದುಬಾರದಂತೆ ಓದನ್ನು ಮರಳಿ ತಂದುದು ಅವರ ಸಾಧನೆ. ಸೂಫಿ ಮನೆತನಗಳ ಹಸ್ತಪ್ರತಿಗಳಿಗೂ ಬೇಕಾದುದು ಇದೇ ಬಗೆಯ ಸೇವೆ.

ಈ ಕೆಲಸವು ಮುಸಲ್ಮಾನ ವಿದ್ವಾಂಸರದು ಮಾತ್ರವೆಂದು ಕನ್ನಡಿಗರು ಎಣಿಸುವುದಕ್ಕೆ ಕಾರಣವಿಲ್ಲ. ಸವಳಗಿಯ ಶಿವಲಿಂಗೇಶ್ವರರಿಗೂ ಬಂದೇನವಾಜರಿಗೂ ಸ್ನೇಹವಿದ್ದಿತೆಂಬ ಐತಿಹ್ಯವು ಕನ್ನಡ ಜನರದು. ಗಣಪತಿ ಸರಸ್ವತಿಯರನ್ನು ಸ್ತುತಿಸುವ ‘ಕಿತಾಬ್ ಎ ನೌರಸ್’ ಗ್ರಂಥದಲ್ಲಿಯೇ ಇಬ್ರಾಹಿಂ ಆದಿಲಶಹನು ಬಂದೇನವಾಜರನ್ನೂ ಸ್ತುತಿಸಿರುವನು. ಐತಿಹ್ಯವು ಎಷ್ಟರಮಟ್ಟಿಗೆ ಇತಿಹಾಸವೆಂಬುದನ್ನು ನಿರ್ಣಯಿಸುವುದಕ್ಕೆ ಎರಡು ಕಡೆಯ ಹಸ್ತಪ್ರತಿಗಳೂ ಒಂದೇ ಮೇಜಿನ ಮೇಲೆ ಬರಬೇಕು.

ಆದಕಾರಣ ಮೊದಲು ಆಗತಕ್ಕದ್ದು, ಊರೂರಿನ ಮನೆತನಗಳ ಒಪ್ಪಿಗೆಯಿಂದ, ಪ್ರತಿಗಳು ಇರುವ ಸ್ಥಳದಲ್ಲಿಯೇ ಅವುಗಳ ವಿವರಣಾತ್ಮಕವಾದ ಸೂಚಿಯನ್ನು ಸಿದ್ಧಪಡಿಸುವುದು. ಅದರೊಡನೆಯೇ ಚಿತ್ರಗಳನ್ನು ತೆಗೆದು ಒಂದು ಪ್ರತಿಯನ್ನು ಮನೆಯವರಿಗೂ, ಒಂದನ್ನು ಕಲಬುರಗಿಯ ವಿದ್ಯಾಸಂಸ್ಥೆಯೊಂದಕ್ಕೂ, ಒಂದನ್ನು ದೂರದ ಗ್ರಂಥಾಲಯಕ್ಕೂ ಒಪ್ಪಿಸಬೇಕು. ಆ ನಗರದಲ್ಲಿ ೧೯೮೦ರಿಂದ ಗುಲ್ಬರ್ಗ ವಿಶ್ವವಿದ್ಯಾಲಯವಿದೆ. ೨೦೧೮ರಲ್ಲಿ ಬಂದೇನವಾಜರ ಹೆಸರಿನ ವಿಶ್ವವಿದ್ಯಾಲಯವೂ ಸ್ಥಾಪಿತವಾಗಿದೆ. ಇವುಗಳಲ್ಲಿ ಕನ್ನಡ ವಿದ್ಯಾರ್ಥಿಗಳು ಕೆಲವರಾದರೂ ಪಾರಸಿಯನ್ನು ಕಲಿತು ನಸ್ತಾಲೀಖ್ ಬರೆಹವನ್ನು ಓದುವಂತಾಗಬೇಕು. ಓದುವವರಿಲ್ಲದಿದ್ದರೆ ಪೆಟ್ಟಿಗೆಯೊಳಗಿನ ಮೌನವು ಯಂತ್ರದೊಳಗಿನ ಮೌನವಾಗಿ ಮಾರ್ಪಡುವುದಷ್ಟೆ.

ಹಿಜರಿ ೮೦೨ರಲ್ಲಿ, ಊರು ಬಿಟ್ಟು ಹೊರಟಿದ್ದ ಪರಿವಾರವೊಂದರಲ್ಲಿ ಮಗನು ತಂದೆಯ ಮಾತುಗಳನ್ನು ಕೇಳಿ ಕೇಳಿ ಬರೆದುಕೊಂಡನು. ದಾರಿಯ ಕಷ್ಟದಲ್ಲಿಯೂ ಅವನು ಆ ಕೆಲಸವನ್ನು ನಿಲ್ಲಿಸಲಿಲ್ಲ. ಅವನು ಬರೆದುದರಿಂದ ಆರು ಶತಮಾನಗಳ ಬಳಿಕವೂ ಆ ಮಾತುಗಳು ಉಳಿದಿವೆ. ಕಮಲಾಪುರದ ಮನೆಯೊಂದರಲ್ಲಿ ಪೆಟ್ಟಿಗೆಯನ್ನು ತೆರೆದು, ಇದು ಇಂಥವರಿಂದ ತನ್ನ ಅಜ್ಜನಿಗೆ ಬಂದಿತೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಆ ಹೇಳಿಕೆಯನ್ನು ಬರೆದುಕೊಳ್ಳುವುದು ಇಂದಿನವರ ಪಾಲಿನ ಕೆಲಸವಾಗಿದೆ.